ಎಲ್ಮಾಜಳ ಮಣ್ಣು

ಕಾರಾಸುಬಜಾರ್, ಕ್ರಿಮಿಯಾ
೧೪ ಏಪ್ರಿಲ್ ೧೯೯೧

ಜೂರಾಕಾನ್,

ಈ ಕೈಬರಹ ನೋಡಿ ನೀನು ಲಕೋಟೆ ಒಡೆಯದೆ ಒಲೆಗೆ ಹಾಕಿದರೂ ನಾನು ತಪ್ಪು ತಿಳಿಯುವುದಿಲ್ಲ. ಮೂವತ್ತೇಳು ವರ್ಷ ನಿನ್ನ ಮನೆಯ ಎದುರು ಮನೆಯಲ್ಲಿ ಇದ್ದವಳು, ಕಳೆದ ಸೆಪ್ಟೆಂಬರಿನಲ್ಲಿ ಗಂಟುಮೂಟೆ ಲಾರಿಗೆ ಏರಿಸಿ, ನಿನ್ನ ಬಾಗಿಲ ಕಡೆ ತಿರುಗಿಯೂ ನೋಡದೆ ಸಾರಿ-ಬೆಲ್ ಬಿಟ್ಟು ಬಂದೆ. ನೀನು ಕಿಟಕಿಯಲ್ಲಿ ನಿಂತಿದ್ದೆ ಎಂದು ನನಗೆ ಗೊತ್ತು.

ನಮ್ಮ ಹಳೆಯ ಮನೆಯಲ್ಲಿ ಈಗ ಬೇರೆಯವರಿದ್ದಾರೆ. ನಮ್ಮ ಜನರನ್ನೆಲ್ಲ ಗಡೀಪಾರು ಮಾಡಿ ನಿಮ್ಮ ಬೆಟ್ಟದ ನಾಡಿಗೆ ಅಟ್ಟಿದಾಗ, ಹದಿನಾಲ್ಕು ವರ್ಷದವಳಾಗಿದ್ದ ನನ್ನನ್ನು ಸೈನಿಕರು ಎಳೆದು ಹಾಕಿದ ಆ ಹೊಸ್ತಿಲನ್ನು ರಸ್ತೆಯಲ್ಲೇ ನಿಂತು ನೋಡಿ ಬಂದೆ. ಊರಾಚೆಯ ಬಯಲಿನಲ್ಲಿ ನಮ್ಮವರೆಲ್ಲ ಸೇರಿ ಚಿಪ್ಪುಕಲ್ಲಿನ ಗೋಡೆ ಎಬ್ಬಿಸುತ್ತಿದ್ದೇವೆ. ನನ್ನ ಗೋಡೆ ಎದೆಯುದ್ದ ಬಂದಿದೆ, ಚಾವಣಿ ಇಲ್ಲ. ಸದ್ಯಕ್ಕೆ ನಾನು, ಅಮ್ಮ ಇಬ್ಬರೂ ಡೇರೆಯಲ್ಲಿ.

ಅಮ್ಮ ಹಾಸಿಗೆ ಹಿಡಿದಿದ್ದಾಳೆ. ಎಂಬತ್ತಮೂರು ವರ್ಷ. ಸ್ವಂತ ಊರಿನ ಗಾಳಿ ಕುಡಿದ ಮೇಲೆ ಸಾಯಬೇಕೆಂದಿದ್ದಳು, ಕುಡಿದಳು. ಈಗ ಇನ್ನೊಂದು ಹಠ ಹಿಡಿದಿದ್ದಾಳೆ. "ಎಲ್ಮಾಜ್ ಒಂದೇ ಮಲಗಿದೆ ಕಣೆ ಅಲ್ಲಿ. ನಾವೆಲ್ಲ ಎದ್ದು ಬಂದ್ಬಿಟ್ವಿ. ಅದರ ಗೋರಿ ಮೇಲಿನ ಒಂದು ಹಿಡಿ ಮಣ್ಣು ತರಿಸು, ನನ್ನ ಎದೆ ಮೇಲೆ ಹಾಕಿ ಮುಚ್ಚು" ಅನ್ನುತ್ತಾಳೆ. ಮೊಮ್ಮಗಳು, ನನ್ನ ಮಗು, ಸತ್ತು ಮೂವತ್ತೊಂದು ವರ್ಷ. ನಿನ್ನೆ ಸತ್ತವಳ ಹಾಗೆ ಮಾತಾಡುತ್ತಾಳೆ.

ಬೇರೆ ಯಾರನ್ನಾದರೂ ಕೇಳಬಹುದಿತ್ತು. ಆದರೆ ಖಬರಸ್ತಾನದಲ್ಲಿ ಅವಳ ಗೋರಿ ಯಾವುದೆಂದು ಈಗ ಅಲ್ಲಿ ಉಳಿದವರಲ್ಲಿ ನಿನಗೊಬ್ಬಳಿಗೇ ಗೊತ್ತು. ಕಲ್ಲು ನಿಲ್ಲಿಸಿದ್ದು ನಾವಿಬ್ಬರೇ ತಾನೆ.

ಒಂದು ಹಿಡಿ ಸಾಕು.

ಉರ್ಕಿಯೆ


ಸಾರಿ-ಬೆಲ್
೨ ಜೂನ್ ೧೯೯೧

ಪ್ರೀತಿಯ ಉರ್ಕಿಯೆ,

ನಿನ್ನ ಪತ್ರ ಬಂದು ಮೂರು ವಾರವಾಯಿತು. ಒಲೆಗೆ ಹಾಕಲಿಲ್ಲ. ದಿನಾ ತೆಗೆದು ಓದಿ, ಮಡಿಸಿ, ಹಿಟ್ಟಿನ ಡಬ್ಬಿಯ ಹಿಂದೆ ಇಡುತ್ತಿದ್ದೇನೆ. ಮಗಳು ಬುರುಲ್ ನೋಡಿಬಿಟ್ಟಳು. "ಯಾರದಮ್ಮ, ಪ್ರೇಮಪತ್ರನಾ?" ಎಂದು ಕಿಚಾಯಿಸಿದಳು. ನಿನ್ನದೆಂದ ಕೂಡಲೇ ಡಬ್ಬಿಯನ್ನು ಅದರ ಜಾಗಕ್ಕೆ ಸರಿಸಿಟ್ಟಳು. ನೀನು ಹೇಳದೆ ಹೋದದ್ದು ಅವಳಿಗೂ ನೋವೇ. ಅವಳ ಮೂರು ಮಕ್ಕಳೂ ನಿನ್ನನ್ನು ಅಜ್ಜಿ ಎಂದೇ ಕರೆಯುತ್ತಿದ್ದವಲ್ಲ.

ಇಲ್ಲಿನ ಸುದ್ದಿ ಏನು ಬರೆಯಲಿ. ಅಂಗಡಿಯಲ್ಲಿ ಸಕ್ಕರೆ ಇಲ್ಲ. ಕುದುರೆ ಹಾಲಿನ ಕುಮಿಸ್ ಕುಡಿಯಲು ಮೇಲಿನ ಹುಲ್ಲುಗಾವಲಿಗೆ ಹೋಗಬೇಕೆಂದಿದ್ದೇನೆ, ಮೊಣಕಾಲು ಬಿಡುತ್ತಿಲ್ಲ. ನಿನ್ನ ಮನೆಯ ಬೀಗ ಯಾರೋ ಒಡೆದು ಒಲೆಯ ಕಬ್ಬಿಣ ಕಿತ್ತುಕೊಂಡು ಹೋದರು.

ಒಂದು ವಿಷಯ ನಿನಗಲ್ಲದೆ ಬೇರೆ ಯಾರಿಗೂ ಹೇಳುವಂಥದ್ದಲ್ಲ. ಈ ಸಲ ಹಿಮ ಕರಗಿದಾಗ ನೀರು ನಾವು ಅದಿರು ತೇಲಿಸುತ್ತಿದ್ದ ಹಳೆಯ ಕಾರ್ಖಾನೆಯ ಒಳಗೆ ನುಗ್ಗಿತು. ಕಳೆದುಹೋದ ಕುರಿಮರಿ ಹುಡುಕುತ್ತ ಮಧ್ಯಾಹ್ನ ಅತ್ತ ಹೋಗಿದ್ದೆ. ಚಾವಣಿ ಹಾರಿಹೋಗಿದೆ, ನಮ್ಮ ತೊಟ್ಟಿಗಳು ಮಾತ್ರ ಸಾಲಾಗಿ ಹಾಗೇ ಇವೆ. ಏಳನೆಯದು ನಿನ್ನದು, ಎಂಟನೆಯದು ನನ್ನದು. ಎರಡರಲ್ಲೂ ನೀರು ತುಂಬಿತ್ತು. ಗಾಳಿ ಬೀಸಿದಾಗ, ಉರ್ಕಿಯೆ, ಅವುಗಳಲ್ಲಿ ನೊರೆ ಎದ್ದಿತು. ಯಂತ್ರ ನಿಂತು ಇಪ್ಪತ್ತಾರು ವರ್ಷ. ಹಲಗೆಗಳ ಸಂದಿಯಲ್ಲಿ ನಮ್ಮ ಸಾಬೂನು ಇನ್ನೂ ಕೂತಿರಬೇಕು. ನೊರೆ ತುಳುಕಿ ಅಂಚು ದಾಟಿ ನನ್ನ ಬೂಟಿನ ಹತ್ತಿರ ಹರಿದು ಬಂತು. ನಾನು, ಬುದ್ಧಿಗೇಡಿ, ಬಗ್ಗಿ ಅಂಗೈ ಕೆಳಗಿಟ್ಟು ಹಿಡಿದು ನೋಡಿದೆ. ಸಣ್ಣ ಗುಳ್ಳೆ, ಬಿಗಿಯಾಗಿ, ಭಾರವಾಗಿ. "ಒಳ್ಳೇ ನೊರೆ" ಎಂದು ಬಾಯಲ್ಲಿ ಬಂದೇಬಿಟ್ಟಿತು. ಆಗ ಗೇಟಿನ ಕಡೆಯಿಂದ ಯಾರೋ ಕರೆದ ಹಾಗಾಯಿತು. ಹಿಂತಿರುಗಿ ನೋಡಲಿಲ್ಲ. ಕುರಿಮರಿಯನ್ನೂ ಹುಡುಕಲಿಲ್ಲ.

ಅಮ್ಮನಿಗೆ ನನ್ನ ಸಲಾಂ ಹೇಳು. ಖಬರಸ್ತಾನದ ದಾರಿ ಈ ವರ್ಷ ಸರಿಯಿಲ್ಲ, ಹಳ್ಳ ಕೊರೆದುಬಿಟ್ಟಿದೆ.

ನಿನ್ನ
ಜೂರಾ


ಕಾರಾಸುಬಜಾರ್
೨೦ ಜುಲೈ ೧೯೯೧

ಜೂರಾಕಾನ್,

ಕುರಿಮರಿ, ಸಕ್ಕರೆ, ಮೊಣಕಾಲು ಎಲ್ಲ ಓದಿದೆ. ನಾನು ಕೇಳಿದ್ದಕ್ಕೆ ಮಾತ್ರ ಒಂದೇ ಸಾಲು, ದಾರಿ ಸರಿಯಿಲ್ಲವಂತೆ. ಕುರಿ ಹುಡುಕಲು ಕಾರ್ಖಾನೆವರೆಗೆ ಹೋಗುವವಳಿಗೆ ಅಲ್ಲಿಂದ ಖಬರಸ್ತಾನದ ಇನ್ನೂರು ಹೆಜ್ಜೆ ದೂರವಾಯಿತೆ?

ಅಮ್ಮ ಬೆಳಗ್ಗೆ ಎದ್ದ ಕೂಡಲೇ ಕೇಳುತ್ತಾಳೆ, "ಅಂಚೆಯವನು ಬಂದ್ನಾ?" ನಿನ್ನ ಪತ್ರ ಓದಿ ಹೇಳು ಎಂದಳು. ಓದಿದೆ, ನೊರೆಯ ಭಾಗ ಬಿಟ್ಟು. "ಜೂರಾ ಒಳ್ಳೆಯವಳು, ಕಳಿಸ್ತಾಳೆ. ನಿನಗೇ ದುಡುಕು" ಎಂದು ನನ್ನನ್ನೇ ಬೈದಳು.

ಅವಳಿಗೆ ಮಾತು ಕಮ್ಮಿಯಾಗುತ್ತಿದೆ. ರೊಟ್ಟಿ ಹಾಲಿನಲ್ಲಿ ನೆನೆಸಿ ಕೊಟ್ಟರೂ ನುಂಗಲಾರಳು. ಸೆಪ್ಟೆಂಬರಿನಲ್ಲಿ ಅಲ್ಲಿಂದ ಮುಸ್ತಫಾನ ಮನೆಯವರು ಹೊರಡುತ್ತಾರಂತೆ, ನಮ್ಮ ಜನರಲ್ಲಿ ಸಾರಿ-ಬೆಲ್ ಬಿಡುವ ಕೊನೆಯವರು ಅವರೇ. ಅವರ ಕೈಲಿ ಕೊಡು. ಕೊಡಲು ಆಗದಿದ್ದರೆ ಆಗುವುದಿಲ್ಲ ಎಂದಾದರೂ ಬರೆ.

ಉರ್ಕಿಯೆ


ಸಾರಿ-ಬೆಲ್
೫ ಸೆಪ್ಟೆಂಬರ್ ೧೯೯೧

ಉರ್ಕಿಯೆ,

ಮುಸ್ತಫಾನ ಹೆಂಡತಿಯ ಕೈಲಿ ಮಣ್ಣು ಕಳಿಸಿದ್ದೇನೆ. ಬಿಳಿ ಬಟ್ಟೆಯ ಚೀಲ ನಾನೇ ಹೊಲಿದೆ. ಜೊತೆಗೆ ಒಣಗಿಸಿದ ಏಪ್ರಿಕಾಟ್ ಇದೆ, ಅಮ್ಮನಿಗೆ ನೆನೆಸಿ ನೀರು ಕುಡಿಸು.

ಗೋರಿಯ ಕಲ್ಲು ಗಟ್ಟಿಯಾಗಿದೆ. ಪಕ್ಕದಲ್ಲಿ ಹುಲ್ಲು ಬೆಳೆದಿದೆ. ಪ್ರಾರ್ಥನೆ ಓದಿದೆ.

ಜೂರಾ


ಕಾರಾಸುಬಜಾರ್
೩೦ ನವೆಂಬರ್ ೧೯೯೧

ಜೂರಾಕಾನ್,

ಅಮ್ಮ ಹೋದಳು. ನವೆಂಬರ್ ಹನ್ನೊಂದು, ಸೋಮವಾರ, ಹೊತ್ತೇರಿದ ಮೇಲೆ.

ನೀನು ಕಳಿಸಿದ ಚೀಲ ಅಕ್ಟೋಬರಿನಲ್ಲೇ ಬಂದಿತ್ತು. ಅಮ್ಮ ಮಲಗಿದ್ದಳು. ಎಬ್ಬಿಸುವ ಮೊದಲು ನಾನೊಬ್ಬಳೇ ನೋಡಬೇಕೆನಿಸಿ ಡೇರೆಯ ಹೊರಗೆ ಕೂತು ಬಿಚ್ಚಿದೆ. ಕೆಂಪು ಮಣ್ಣು.

ಮೊದಲು ನನ್ನನ್ನೇ ಬೈದುಕೊಂಡೆ. ವಯಸ್ಸಾಯಿತು, ಕಣ್ಣು ಮಂಜು, ನೆನಪು ಮಂಜು ಎಂದು. ಆಮೇಲೆ ಎನಾಮಲ್ ಬೋಗುಣಿಗೆ ಒಂದು ಚಿಟಿಕೆ ಹಾಕಿ, ನೀರು ಹೊಯ್ದು, ಮಣಿಕಟ್ಟಿನಿಂದ ತಿರುಗಿಸಿದೆ. ಕಾರ್ಖಾನೆಯಲ್ಲಿ ಪಾಳಿಗೆ ಎಂಟು ಸಲ ತಿರುಗಿಸುತ್ತಿದ್ದೆವಲ್ಲ, ಹಾಗೆ. ಹಗುರಾದದ್ದು ತೇಲಿ ಹೋಗಿ ಭಾರವಾದದ್ದು ಅಂಚಿನಲ್ಲಿ ಬಾಲದ ಹಾಗೆ ನಿಲ್ಲುತ್ತದೆ. ನಿಂತದ್ದೇನು? ದಪ್ಪ ಕೆಂಪು ಮರಳು, ಎರಡು ಹುಲ್ಲಿನ ಬೇರು, ಕುರಿ ಹಿಕ್ಕೆಯ ಪುಡಿ. ಕಾರ್ಖಾನೆಯ ಅದಿರಿನ ಗಸಿ ಸುರಿದ ದಿಬ್ಬದ ಬೂದು ಹಿಟ್ಟು ಒಂದು ಕಣವೂ ಇಲ್ಲ. ನಮ್ಮ ಖಬರಸ್ತಾನಕ್ಕೆ ಆ ದಿಬ್ಬದ ಹಿಟ್ಟು ಮೂವತ್ತು ವರ್ಷ ಗಾಳಿಯಲ್ಲಿ ಬಂದು ಬಿದ್ದಿದೆ. ಅದನ್ನು ಗೋರಿಯ ಕಲ್ಲಿನಿಂದ ನಾನು ಎಷ್ಟು ಶುಕ್ರವಾರ ಒರೆಸಿಲ್ಲ? ಹನ್ನೊಂದು ವರ್ಷ ನೊರೆಯ ಮುಂದೆ ನಿಂತವಳಿಗೆ ಯಾವ ಮಣ್ಣು ಎಲ್ಲಿಯದು ಎಂದು ತಿಳಿಯುವುದಿಲ್ಲ ಎಂದುಕೊಂಡೆಯಾ? ಇದು ನಿಮ್ಮ ಮೇಲಿನ ಹುಲ್ಲುಗಾವಲಿನ ಮಣ್ಣು. ನಿನ್ನ ಅಪ್ಪನನ್ನು ಹೂಳಿದ ಜಾಗ.

ನಾನು ಬೋಗುಣಿ ಹಿಡಿದು ಕೂತಿದ್ದಾಗಲೇ ಒಳಗಿಂದ ಅಮ್ಮ ಕೇಳಿದಳು, "ಬಂತಾ?"

ಬಂತು ಎಂದೆ. ಕೈಗೆ ಕೊಟ್ಟೆ. ಅವಳಿಗೆ ಕಣ್ಣು ಕಾಣುತ್ತಿರಲಿಲ್ಲ. ಮೂಗಿನ ಹತ್ತಿರ ಹಿಡಿದು, "ಮಗು ವಾಸನೆ ಇದೆ, ಅಲ್ವೇನೆ?" ಎಂದಳು. ಇದೆಯಮ್ಮ ಎಂದೆ. ಐದು ವಾರ ಆ ಚೀಲವನ್ನು ಮುಷ್ಟಿಯಲ್ಲಿ ಹಿಡಿದೇ ಮಲಗಿದಳು. ಅದರ ಜೊತೆ ಮಾತಾಡಿದಳು. ನಿನ್ನ ಸುಳ್ಳಿಗೆ ನಾನು ದಿನಾ ತಲೆಯಾಡಿಸಬೇಕಾಯಿತು. ಕೊನೆಗೆ ಎದೆಯ ಮೇಲೆ ಹಾಕುವಾಗ ಮುಲ್ಲಾ, "ಇದು ಆ ಮಗುವಿನದೇ?" ಎಂದು ಕೇಳಿದರು. ಅವರ ಮುಂದೆಯೂ ಹೌದು ಎಂದೆ.

ಯಾಕೆ ಹೀಗೆ ಮಾಡಿದೆ ಎಂದು ಕೇಳುವುದಿಲ್ಲ. ಕೇಳಿದರೆ ಇನ್ನೊಂದು ಚೀಲ ಹೊಲಿದು ಕಳಿಸುತ್ತೀಯ.

ಉರ್ಕಿಯೆ


ಸಾರಿ-ಬೆಲ್
೨೧ ಫೆಬ್ರವರಿ ೧೯೯೨

ಉರ್ಕಿಯೆ,

ಈ ಪತ್ರವನ್ನು ನಾಲ್ಕು ಸಲ ಬರೆದು ಹರಿದಿದ್ದೇನೆ. ಇದನ್ನು ಹರಿಯಬಾರದೆಂದು ಬುರುಲ್ ಪಕ್ಕದಲ್ಲೇ ಕೂತು ಕಾಯುತ್ತಿದ್ದಾಳೆ. ಅವಳಿಗೆ ಎಲ್ಲ ಹೇಳಿದೆ. ಮೊದಲು ನಿನಗೆ ಹೇಳಬೇಕಿತ್ತು.

ಖಬರಸ್ತಾನಕ್ಕೆ ಕಳೆದ ವರ್ಷ ಮುಳ್ಳುತಂತಿ ಹಾಕಿದರು. ನಗರದಿಂದ ಬಂದವರು ಹಳದಿ ಫಲಕ ನೆಟ್ಟರು. ನಾವು ಸೀಸ, ಸೀಸ ಎಂದು ಹೇಳಿಕೊಂಡು ಅರೆದು, ತೇಲಿಸಿ, ಬೇರೆ ಮಾಡುತ್ತಿದ್ದುದರ ನಿಜವಾದ ಹೆಸರನ್ನು ಈಗ ಪತ್ರಿಕೆಯವರೇ ಅಚ್ಚು ಹಾಕುತ್ತಾರೆ. ಯುರೇನಿಯಂ. ಆ ಮಣ್ಣು ಮುಟ್ಟಬಾರದು, ಮನೆಗೆ ತರಬಾರದು ಎಂದು ಹೇಳಿ ಹೋದರು. ಅದನ್ನೇ ನಿನಗೆ ಬರೆದಿದ್ದರೆ ಮುಗಿಯುತ್ತಿತ್ತು. ನೀನೂ ಒಪ್ಪುತ್ತಿದ್ದೆ. ಆದರೆ ಅದು ನೆಪ. ತಂತಿಯಲ್ಲಿ ಕುರಿ ನುಗ್ಗುವಷ್ಟು ತೂತಿದೆ. ನಾನು ಮೂರು ಸಲ ಅಲ್ಲಿವರೆಗೆ ಹೋದೆ. ಮೂರು ಸಲವೂ ಅವಳ ಕಲ್ಲು ಕಾಣುವ ಜಾಗದಲ್ಲಿ ಕಾಲು ನಿಂತುಹೋಯಿತು.

ಐವತ್ತೆಂಟರ ಚಳಿಗಾಲ ನೆನಪು ಮಾಡಿಕೋ. ಅಂಗಡಿಯಲ್ಲಿ ತಿಂಗಳುಗಟ್ಟಲೆ ಸಾಬೂನು ಇರಲಿಲ್ಲ. ಶಾಲೆಯಲ್ಲಿ ಹೇನು. ಹೆಣ್ಣುಮಕ್ಕಳಿಗೆಲ್ಲ ತಲೆ ಬೋಳಿಸಿ ಎಂದು ಆಜ್ಞೆ ಬಂತು. ನಿನ್ನ ಎಲ್ಮಾಜಳ ಜಡೆ ಸೊಂಟದವರೆಗೆ ಇತ್ತು. ತೊಟ್ಟಿಯ ಮುಂದೆ ನಿಂತು ನೀನು ಅತ್ತೆ. "ಒಂದು ಗಟ್ಟಿ ಸಾಬೂನು ಸಿಕ್ಕರೆ ಜಡೆ ಉಳಿಸ್ತೀನಿ ಕಣೆ ಜೂರಾ. ಅವರಪ್ಪ ಗಣಿಯಲ್ಲಿ ಸತ್ತ ಮೇಲೆ ಅವಳ ಮೈಮೇಲೆ ಚಂದ ಅಂತ ಉಳಿದಿರೋದು ಅದೊಂದೇ" ಎಂದೆ.

ಅದಿರು ತೇಲಿಸಲು ತೊಟ್ಟಿಗೆ ಹಾಕುತ್ತಿದ್ದದ್ದೂ ಸಾಬೂನೇ ತಾನೆ. ಹತ್ತಿಬೀಜದ ಎಣ್ಣೆಯ ಗಸಿಯಿಂದ ಮಾಡಿದ್ದು. ಎಲ್ಲರೂ ಕದ್ದು ಒಯ್ಯುತ್ತಿದ್ದರು. ನಾನು ತೊಟ್ಟಿಗೆ ಹಾಕುವ ಸಾಬೂನು, ರಾಸಾಯನಿಕ ಇಡುವ ಕೋಣೆಗೆ ಹೋದೆ. ಹೊಸ ಪೀಪಾಯಿಯ ತಳದಲ್ಲಿ ಒಂದು ಗಟ್ಟಿ ಮಾತ್ರ ಉಳಿದಿತ್ತು, ಜೇನಿನ ಬಣ್ಣದ್ದು. ಅದನ್ನು ಎದೆಯೊಳಗೆ ಇಟ್ಟುಕೊಂಡೆ. ನಿನಗೆ? ತೊಟ್ಟಿಗಳ ಪಕ್ಕದ ಹಳೆಯ ಪೀಪಾಯಿ ನೆನಪಿದೆಯಲ್ಲ, ಚೆಲ್ಲಿದ ನೊರೆಯನ್ನು ಬಾಚಿ ಬಾಚಿ ವಾಪಸು ಹಾಕುತ್ತಿದ್ದದ್ದು. ಅದರಿಂದ ಕೆರೆದೆ. ಬಟ್ಟೆಯಲ್ಲಿ ಸೋಸಿದೆ. ಸೋಸಿದರೂ ಗಟ್ಟಿಯಾದ ಮೇಲೆ ಅದರಲ್ಲಿ ಹಸಿರು ಬೆರೆತ ಹಳದಿ ಗೆರೆ ಉಳಿಯಿತು.

ಎರಡೂ ನನ್ನ ಮುಂದೆ ಇದ್ದವು, ಉರ್ಕಿಯೆ. ನನಗೂ ಒಬ್ಬ ಮಗಳಿದ್ದಳು. ಅವಳ ತಲೆ ಆಗಲೇ ಬೋಳಿಸಿದ್ದರೂ, ಮೈಗಾದರೂ ಇರಲಿ ಎಂದು ಜೇನಿನ ಬಣ್ಣದ್ದನ್ನು ಬುರುಲ್‌ಗೆ ಇಟ್ಟುಕೊಂಡೆ. ಗೆರೆ ಇದ್ದದ್ದನ್ನು ನಿನಗೆ ಕೊಟ್ಟೆ. ನೀನು ನನ್ನ ಎರಡೂ ಕೈಗೆ ಮುತ್ತಿಟ್ಟೆ.

ಆಗ ನಮಗೆ ಯಾರೂ ಏನೂ ಹೇಳಿರಲಿಲ್ಲ, ನಿಜ. ಆದರೆ ಮೇಸ್ತ್ರಿ ಯಾಕೆ ನೊರೆಯ ಹತ್ತಿರ ರೊಟ್ಟಿ ತಿನ್ನಬೇಡಿ ಎಂದು ಕೂಗುತ್ತಿದ್ದ? ಮೈಯೊಳಗೆ ಹೋದದ್ದು ತೊಳೆದು ಹೋಗಲಿ ಎಂದು ನಾವು ಯಾಕೆ ದಿನಾ ಹಾಲು ಕುಡಿಯಬೇಕಿತ್ತು? ಒಳ್ಳೆಯದಲ್ಲ ಎಂದು ಗೊತ್ತಿತ್ತು. ಎಷ್ಟು ಕೆಟ್ಟದ್ದು ಎಂದು ಗೊತ್ತಿರಲಿಲ್ಲ. ಹಾಗೆ ಗೊತ್ತಿಲ್ಲದ್ದನ್ನೇ ನಿನ್ನ ಕಡೆ ದೂಡಿದೆ.

ಆ ಚಳಿಗಾಲವೆಲ್ಲ ನೀನು ಅವಳಿಗೆ ಅದರಲ್ಲೇ ತಲೆ ತೊಳೆದೆ. ಮರುವರ್ಷ ಮೈಮೇಲೆ ನೀಲಿ ಕಲೆಗಳು, ಒಸಡಿನಲ್ಲಿ ರಕ್ತ. ವೈದ್ಯ, ರಕ್ತ ಕಮ್ಮಿ, ಕುದುರೆ ಮಾಂಸ ತಿನ್ನಿಸಿ ಎಂದ. ನಾನು ಮಾಂಸ ತಂದುಕೊಟ್ಟೆ. ಅರವತ್ತರ ಮಾರ್ಚಿನಲ್ಲಿ ಕಲ್ಲು ನಿಲ್ಲಿಸಲು ನಿನ್ನ ಜೊತೆ ಬಂದೆ. ಹೇಳಲಿಲ್ಲ.

ನಿನಗೆ ನೆನಪಿರಬಹುದು, ನಾಲ್ಕು ಗಂಟೆಗೆ ಪಾಳಿ ಮುಗಿಯುವಾಗ ಅವಳು ಕಾರ್ಖಾನೆಯ ಗೇಟಿಗೆ ಬಂದು ನಿಲ್ಲುತ್ತಿದ್ದಳು. ನಿನ್ನನ್ನು ಒಳಗೆ ಕೂಡಿಹಾಕಿದವಳು ನಾನೇ ಎಂದು ತಿಳಿದಿದ್ದಳು. "ಜೂರಾ ಚಿಕ್ಕಮ್ಮಾ, ನಮ್ಮಮ್ಮನ್ನ ಬಿಟ್ಬಿಡಿ" ಎಂದು ಕೂಗುತ್ತಿದ್ದಳು. ಕಾವಲಿನವನೂ ನಗುತ್ತಿದ್ದ. ನನಗೆ ಅದು ಇನ್ನೂ ಕೇಳಿಸುತ್ತದೆ. ಹಗಲಲ್ಲಿ, ಬಿಸಿಲಲ್ಲಿ, ಬಟ್ಟೆ ಒಣಹಾಕುವಾಗ. ನಾಲ್ಕು ಗಂಟೆಗೆ ನಾನು ಮನೆಯ ಹೊರಗೆ ಇರುವುದಿಲ್ಲ. ಮೊದಲೆಲ್ಲ ಕೋಪದ ದನಿಯೇ ಇರಲಿಲ್ಲ. ನೀನು ಊರು ಬಿಟ್ಟ ಮೇಲೆ ದನಿ ಬೇರೆಯಾಗಿದೆ. ನೀನಿಲ್ಲಿಲ್ಲ, ನಾನು ಬಿಡಬೇಕಾದ್ದು ಯಾರನ್ನು? ಆದರೂ ಕೂಗುತ್ತಾಳೆ.

ಅವಳ ಮಣ್ಣನ್ನು ನನ್ನ ಕೈಯಿಂದ ಮತ್ತೆ ನಿನ್ನ ಮನೆಗೆ ಕಳಿಸಲು ಆಗಲಿಲ್ಲ. ಒಂದು ಸಲ ಕೈಯಾರೆ ಕೊಟ್ಟಿದ್ದೆನಲ್ಲ. ಅದಕ್ಕೇ ನಮ್ಮ ಅಪ್ಪನ ಮಣ್ಣು ಕಳಿಸಿದೆ. ನನ್ನ ಬಳಿ ಇದ್ದದ್ದರಲ್ಲಿ ಶುದ್ಧವಾದದ್ದು ಅದೊಂದೇ.

ಕ್ಷಮಿಸು ಎಂದು ಬರೆಯುತ್ತಿಲ್ಲ. ಬರೆದರೆ ನೀನು ಉತ್ತರ ಕೊಡಬೇಕಾಗುತ್ತದೆ.

ಜೂರಾಕಾನ್


ಕಾರಾಸುಬಜಾರ್
೯ ಜೂನ್ ೧೯೯೨

ಜೂರಾ,

ನಿನ್ನ ಪತ್ರ ಮಾರ್ಚ್ ಕೊನೆಗೆ ಬಂತು. ಏಪ್ರಿಲ್ ಪೂರ್ತಿ ಗೋಡೆ ಕಟ್ಟಿದೆ. ಮೇ ತಿಂಗಳಲ್ಲಿ ಚಾವಣಿ ಹಾಕಿಸಿದೆ. ಮಾಡಲು ಬೇರೆ ಕೆಲಸ ಉಳಿಯದೆ ಹೋದಾಗ ಕೂತು ಇದನ್ನು ಬರೆಯುತ್ತಿದ್ದೇನೆ.

ಆ ಗೆರೆ ನಾನೂ ನೋಡಿದ್ದೆ.

ಸಾಬೂನು ಸುತ್ತಿದ್ದ ಬಟ್ಟೆಯನ್ನು ನೀನು ಬಿಚ್ಚಿ ಕೊಟ್ಟ ಕೂಡಲೇ ನೋಡಿದೆ. ಏಳನೇ ತೊಟ್ಟಿಯಿಂದ ದಿನಾ ಅಂಚು ದಾಟಿಸುತ್ತಿದ್ದ ಬಣ್ಣ ಅದು, ಮರೆಯುತ್ತೇನೆಯೇ? ಮನೆಗೆ ಬಂದು ಚಾಕುವಿನಿಂದ ಗೆರೆ ಕೆರೆಯಲು ನೋಡಿದೆ. ಒಳಗೂ ಇತ್ತು. ಅಮ್ಮ ಪಕ್ಕದಲ್ಲಿ ನಿಂತು, "ಏನದು?" ಎಂದಳು. "ಕೊಳೆ, ನೀರಲ್ಲಿ ಹೋಗುತ್ತೆ" ಎಂದೆ. ನೀರು ಕಾಯಿಸಿದೆ. ಎಲ್ಮಾಜ್ ಕಣ್ಣಿಗೆ ಹೋಯಿತೆಂದು ಅತ್ತಳು, ಸುಮ್ಮನಿರು ಎಂದು ಬೆನ್ನಿಗೆ ಒಂದು ಕೊಟ್ಟೆ. ಒಂದು ಸಲವಲ್ಲ. ವಾರಕ್ಕೆರಡು ಸಲ, ಹೊಸ ವರ್ಷದಿಂದ ವಸಂತದವರೆಗೆ. ಜಡೆ ಉಳಿಯಿತು. ಶಾಲೆಯಲ್ಲಿ ಜಡೆ ಇದ್ದ ಹುಡುಗಿ ಅವಳೊಬ್ಬಳೇ. ನನಗೆ ಅದರ ಜಂಭವೂ ಇತ್ತು.

ನೀನು ಕೊಟ್ಟದ್ದು ಒಂದು ಸಲ. ತೊಳೆದವಳು ನಾನು.

ಇದನ್ನು ನಾನು ಅಮ್ಮನಿಗೂ ಹೇಳಲಿಲ್ಲ. ನೀನು ಬಾಯಿ ಬಿಡದೆ ಇರುವವರೆಗೆ ನಾನೂ ಬಿಡಬೇಕಾಗಿರಲಿಲ್ಲ. ಮೂವತ್ತು ವರ್ಷ ನಿನ್ನ ಮುಖ ನೋಡಿದಾಗಲೆಲ್ಲ, ಇವಳು ಇವತ್ತು ಹೇಳುತ್ತಾಳೆ, ಹೇಳಿದರೆ ನಾನು ಏನು ಹೇಳಲಿ ಎಂದು ಹೆದರುತ್ತಿದ್ದೆ. ನೀನು ಹೇಳಲಿಲ್ಲ, ನಾನು ಬದುಕಿದೆ.

ಇನ್ನೊಂದಿದೆ, ಅದು ಇದಕ್ಕಿಂತ ಕೆಟ್ಟದ್ದು. ಬುರುಲ್ ಪಕ್ಕದಲ್ಲಿ ಕೂತಿದ್ದರೆ ಅವಳಿಗೂ ಓದಿ ಹೇಳು. ಎಲ್ಮಾಜ್ ಹೋದ ಮೇಲೆ, ಬುರುಲ್ ಶಾಲೆಗೆ ಹೋಗುವ ಹೊತ್ತಿಗೆ ನಾನು ಕಿಟಕಿಯ ಪರದೆ ಎಳೆದುಬಿಡುತ್ತಿದ್ದೆ. ಅವಳಿಗೆ ತಲೆ ಬೋಳಿಸಿದ್ದೆಯಲ್ಲ ನೀನು, ಆಮೇಲೆ ಮತ್ತೆ ಕೂದಲು ಬಂತು. ದಪ್ಪವಾಗಿ, ಕಪ್ಪಾಗಿ. ಅವಳ ಮದುವೆಯಲ್ಲಿ ನಲವತ್ತು ಸಣ್ಣ ಜಡೆ ಹೆಣೆಯಲು ನನ್ನನ್ನೇ ಕರೆದೆ, ಅಮ್ಮಂದಿರಲ್ಲಿ ಹಿರಿಯವಳು ಎಂದು. ಹೆಣೆದೆ. ಒಂದೊಂದು ಎಳೆ ಹಿಡಿದಾಗಲೂ ನಿನ್ನ ಮಗಳು ಯಾಕೆ ಬದುಕಿದಳು ಎಂದು ಕೇಳಿಕೊಂಡೆ. ಅವಳು ನನ್ನ ಕುತ್ತಿಗೆ ತಬ್ಬಿ, "ದೊಡ್ಡಮ್ಮಾ, ಎಳೀಬೇಡಿ, ನೋಯುತ್ತೆ" ಎಂದಳು. ನಾನು ಬೇಕೆಂದೇ ಎಳೆದಿದ್ದೆ.

ನಾನು ನಿನ್ನ ಬಾಗಿಲಿಗೆ ಬಾರದೆ ಊರು ಬಿಟ್ಟದ್ದು ನಿನ್ನ ಮೇಲಿನ ಸಿಟ್ಟಿನಿಂದಲ್ಲ. ಆ ದಿನ ಬುರುಲ್ ನಿನ್ನ ಮನೆಗೆ ಬಂದಿದ್ದಳು. ಅವಳು ನನ್ನನ್ನು ತಬ್ಬಿಕೊಳ್ಳುತ್ತಿದ್ದಳು. ಅದಕ್ಕೆ.

ಇಲ್ಲಿ ನಾಲ್ಕು ಗಂಟೆಗೆ ಏನೂ ಕೇಳಿಸುವುದಿಲ್ಲ. ಕೇಳಿಸಲಿ ಎಂದು ಎಷ್ಟೋ ದಿನ ಗೋಡೆಯ ನೆರಳಿನಲ್ಲಿ ಕೂತೆ. ನಿನ್ನನ್ನು ಮಾತ್ರ ಕರೆಯುತ್ತಾಳೆ. ನನ್ನ ಹತ್ತಿರ ಬರುವುದಿಲ್ಲ.

ಉರ್ಕಿಯೆ


ಸಾರಿ-ಬೆಲ್
೧ ಆಗಸ್ಟ್ ೧೯೯೨

ಉರ್ಕಿಯೆ,

ನಿನ್ನ ಪತ್ರ ಓದಿ ಮುಗಿಸಿದ ಮೇಲೆ ಬುರುಲ್ ಹೊರಗೆ ಹೋಗಿ ಸೌದೆ ಒಡೆದಳು. ಬಹಳ ಹೊತ್ತು. ಒಳಗೆ ಬಂದು, "ದೊಡ್ಡಮ್ಮ ಎಳೆದದ್ದು ನೆನಪಿದೆ. ಪ್ರೀತಿಗೆ ಅಂದ್ಕೊಂಡಿದ್ದೆ. ಈಗ್ಲೂ ಹಾಗೇ ಅಂದ್ಕೊಳ್ತೀನಿ, ಬರೆದುಬಿಡು" ಎಂದಳು. ಅವಳ ಮಾತು ಹಾಗೇ ಬರೆದಿದ್ದೇನೆ.

ಈಗ ಅವಸರದ ವಿಷಯ. ಮೇ ತಿಂಗಳ ನೆರೆಯಲ್ಲಿ ಹಳ್ಳ ಖಬರಸ್ತಾನದ ಕೆಳ ಅಂಚನ್ನು ತಿಂದುಹಾಕಿತು. ಆರು ಗೋರಿ ಹೋದವು. ಎಲ್ಮಾಜಳದ್ದು ಈಗ ಅಂಚಿನಿಂದ ಎರಡನೆಯ ಸಾಲು. ಉಳಿದದ್ದನ್ನೆಲ್ಲ ಅಕ್ಟೋಬರ್ ಒಳಗೆ ಮೇಲಿನ ಗುಡ್ಡಕ್ಕೆ ಸಾಗಿಸುತ್ತಾರಂತೆ. ವಾರಸುದಾರರಿಲ್ಲದವರನ್ನು ಒಂದೇ ಗುಂಡಿಗೆ.

ನಾನು ಆಡಳಿತ ಕಚೇರಿಗೆ ಹೋಗಿ ನಾನೇ ಒಯ್ಯುತ್ತೇನೆ ಎಂದೆ. ಮೇಜಿನ ಹಿಂದಿದ್ದ ಹೆಂಗಸು, "ನೀವು ಆ ಮಗುಗೆ ಏನಾಗ್ಬೇಕು?" ಎಂದು ಕೇಳಿದಳು.

"ಎದುರು ಮನೆಯವಳು."

"ಅದು ಸಂಬಂಧ ಅಲ್ಲ, ಅಕ್ಕಾ. ಹೆತ್ತವರು ಬದುಕಿದ್ದಾರಾ?"

"ತಾಯಿ ಇದ್ದಾಳೆ."

"ಹಾಗಾದ್ರೆ ಅವರೇ ಬಂದು ಸಹಿ ಹಾಕ್ಬೇಕು."

ಈಗ ನಡುವೆ ಎಷ್ಟು ದೇಶಗಳಾದವೋ, ರೈಲು ಓಡುತ್ತದೋ ಇಲ್ಲವೋ ನನಗೆ ತಿಳಿಯದು. ನೀನು ಬರದಿದ್ದರೂ ನಾನು ಅರ್ಥ ಮಾಡಿಕೊಳ್ಳುತ್ತೇನೆ ಎಂದು ಬರೆಯಲಾರೆ. ಬಾ.

ಜೂರಾ


ಕಾರಾಸುಬಜಾರ್
೧೮ ಅಕ್ಟೋಬರ್ ೧೯೯೨

ಜೂರಾ,

ನಿನ್ನಲ್ಲಿಂದ ಹೊರಟು ನಿನ್ನೆ ಮನೆ ಮುಟ್ಟಿದೆ. ಐದು ದಿನ ಹಿಡಿಯಿತು, ಎರಡು ಕಡೆ ರೈಲು ಬದಲಿಸಿದೆ, ಒಂದು ಕಡೆ ಇಳಿಸಿಬಿಟ್ಟರು. ಬುರುಲ್ ಕರಿದು ಕಟ್ಟಿಕೊಟ್ಟ ಬೋರ್ಸೋಕ್ ರೊಟ್ಟಿ ಕೊನೆಯ ದಿನದವರೆಗೂ ಬಂತು. ಗಡಿಯಲ್ಲಿ ಒಬ್ಬ ಸೈನಿಕ ಚೀಲ ಬಿಚ್ಚಿಸಿದ. ಅವನಿಗೂ ಎರಡು ಕೊಟ್ಟೆ.

ಅಲ್ಲಿ ಆಗದ ಮಾತನ್ನು ಇಲ್ಲಿ ಬರೆಯುತ್ತಿದ್ದೇನೆ. ಎಲ್ಮಾಜಳ ಗೋರಿ ತೆರೆದ ಆ ದಿನ ನಾವಿಬ್ಬರೂ ಬೆಳಗಿನಿಂದ ಸಂಜೆವರೆಗೆ ಹತ್ತು ಮಾತು ಆಡಿರಬಹುದು.

ಗಂಡಸರು ಪರದೆ ಕಟ್ಟಿ ಅಗೆಯುವಾಗ ನಾವು ತಂತಿಯ ಹೊರಗೆ ಬಂಡೆಯ ಮೇಲೆ ಕೂತಿದ್ದೆವಲ್ಲ. ನೀನು ನಿನ್ನ ಶಾಲಿನ ಒಂದು ಅಂಚನ್ನು ನನ್ನ ಮೊಣಕಾಲಿನ ಮೇಲೆ ಹೊದಿಸಿದೆ. ಪರದೆಯ ಹಿಂದೆ ಮುಲ್ಲಾ ಓದುತ್ತಿದ್ದದ್ದು ನಿಂತಿತು. ಮತ್ತೆ ಓದಲು ಶುರುಮಾಡಿದರು. ಆ ನಡುವೆ ಅವರು ಏನು ನೋಡಿದರು ಎಂದು ಕೇಳಬೇಕೆನಿಸಿತು, ಕೇಳಲಿಲ್ಲ. ಬಿಳಿ ಬಟ್ಟೆಯ ಗಂಟನ್ನು ತಂದು ನನ್ನ ತೊಡೆಯ ಮೇಲೆ ಇಟ್ಟರು. ಹುಟ್ಟಿದಾಗ ಸೂಲಗಿತ್ತಿ ಕೊಟ್ಟದ್ದು ಇದಕ್ಕಿಂತ ಭಾರವಿತ್ತು.

ನಿನಗೆ ಗಡಿಯಾರದ ಅಭ್ಯಾಸ ಹೋಗಿರಲಿಲ್ಲ. ನೀನು ನಾಲ್ಕಕ್ಕೆ ಐದು ನಿಮಿಷ ಇದ್ದಾಗ ನೋಡಿದೆ, ನಾಲ್ಕು ದಾಟಿದ ಮೇಲೆ ನೋಡಿದೆ. ಏನಾದರೂ ಕೇಳಿಸಿತೆ ಎಂದು ನಾನು ಕೇಳಲಿಲ್ಲ. ನನಗಂತೂ ಗಾಳಿ ಮಾತ್ರ ಕೇಳಿಸಿತು. ನಿನ್ನ ಮುಖ ನೋಡಿದರೆ ಕೇಳಿಸಿತು ಎನ್ನುವ ಹಾಗೂ ಇತ್ತು, ಇಲ್ಲ ಎನ್ನುವ ಹಾಗೂ ಇತ್ತು.

ಆಮೇಲೆ ಆ ಹುಡುಗ ಬಂದನಲ್ಲ, ಬಾಯಿಗೆ ಬಟ್ಟೆ ಕಟ್ಟಿಕೊಂಡು, ವಿಕಿರಣ ಅಳೆಯುವ ಪೆಟ್ಟಿಗೆ ಹಿಡಿದುಕೊಂಡು. ಇಪ್ಪತ್ತೈದು ವರ್ಷವೂ ಇರಲಿಕ್ಕಿಲ್ಲ. "ಅಜ್ಜಿ, ಒಂದು ನಿಮಿಷ. ಎಲ್ಲರದ್ದೂ ನೋಡ್ಬೇಕು, ಆಜ್ಞೆ" ಎಂದ. ಗಂಟನ್ನು ನನ್ನ ತೊಡೆಯಿಂದ ತೆಗೆಯಲಿಲ್ಲ, ಒಳ್ಳೆಯ ಹುಡುಗ. ಅದರ ಮೇಲೆ ಕೋಲಿನಂಥದ್ದನ್ನು ಹಿಡಿದ. ಪೆಟ್ಟಿಗೆ ಕಟಕಟ ಎಂದಿತು. ಅವನು ಮುಳ್ಳನ್ನು ನೋಡಿದ, ನನ್ನನ್ನು ನೋಡಿದ, ಪುಸ್ತಕ ತೆರೆದ.

"ಎಷ್ಟು ಅಂತ ಹೇಳ್ಲಾ? ಕೆಲವ್ರು ಕೇಳ್ತಾರೆ. ಮಣ್ಣಿಂದ ಬಂದಿದ್ದೋ, ಬದುಕಿದ್ದಾಗಲೇ ಇತ್ತೋ, ಅದು ಇದ್ರಲ್ಲಿ ಗೊತ್ತಾಗಲ್ಲ. ಆದ್ರೂ ಕೇಳ್ತಾರೆ" ಎಂದ.

ನಾವಿಬ್ಬರೂ ಆ ಮುಳ್ಳು ಕಾಣದ ಹಾಗೆ ಮುಖ ತಿರುಗಿಸಿದ್ದೆವು. ನಾನು ನಿನ್ನ ಕಡೆ, ನೀನು ನನ್ನ ಕಡೆ. ಮೂವತ್ತೆರಡು ವರ್ಷದಲ್ಲಿ ನಿನ್ನ ಮುಖವನ್ನು ಅಷ್ಟು ಹತ್ತಿರದಿಂದ ನೋಡಿರಲಿಲ್ಲ.

"ಬರ್ಕೊಳಪ್ಪ, ನಮಗೆ ಹೇಳ್ಬೇಡ" ಎಂಬ ಮಾತು ಬಂತು. ಅವನು ಬರೆದುಕೊಂಡ. ನಾವು ಎದ್ದು ಗುಡ್ಡ ಹತ್ತಿದೆವು, ಸ್ವಲ್ಪ ದೂರ ನಾನು, ಸ್ವಲ್ಪ ದೂರ ನೀನು ಎತ್ತಿಕೊಂಡು.

ಆ ಮಾತು ಆಡಿದವಳು ನೀನೋ ನಾನೋ ಎಂದು ಐದು ದಿನ ರೈಲಿನಲ್ಲಿ ಕೂತು ನೆನಪು ಮಾಡಿಕೊಂಡೆ. ತಿಳಿಯಲಿಲ್ಲ. ನಿನಗೆ ಗೊತ್ತಿದ್ದರೂ ಬರೆಯಬೇಡ.

ನಿನ್ನ
ಉರ್ಕಿಯೆ